ಇಲಿಗೂ ಆನೆಗೂ ಒಂದೇ ಲೆಕ್ಕ

ಮಳೆಯಲ್ಲಿ ನೆಂದು ಬಂದ ನಾಯಿ ಮೊದಲು ಮಾಡುವ ಕೆಲಸ ಮೈ ಕೊಡವುವುದು. ತಲೆಯಿಂದ ಶುರುವಾದ ಅಲೆ ಬಾಲದ ತುದಿಯವರೆಗೆ ಹೋಗುತ್ತದೆ. ಪಕ್ಕದಲ್ಲಿ ನಿಂತವರೆಲ್ಲ ಒದ್ದೆ. ಇದನ್ನು ನಾವೆಲ್ಲ ನೋಡಿದ್ದೇವೆ, ಆದರೆ ಒಂದು ಸೆಕೆಂಡಿಗೆ ಎಷ್ಟು ಸಲ ಕೊಡವುತ್ತದೆ ಎಂದು ಯಾರು ಎಣಿಸಿದ್ದಾರೆ? ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು ಎಣಿಸಿದ್ದಾರೆ. ಅತಿ ವೇಗದ ಕ್ಯಾಮೆರಾ ಇಟ್ಟು, ಹಲವು ಬಗೆಯ ಪ್ರಾಣಿಗಳ ಮೇಲೆ ನೀರು ಚಿಮುಕಿಸಿ ಅವರು ಕಂಡುಕೊಂಡದ್ದು 2012ರಲ್ಲಿ ಪ್ರಕಟವಾಯಿತು. ಕರಡಿ ಸೆಕೆಂಡಿಗೆ ಸುಮಾರು ನಾಲ್ಕು ಸಲ ಮೈ ಕೊಡವುತ್ತದೆ. ದೊಡ್ಡ ನಾಯಿ ನಾಲ್ಕೈದು ಸಲ. ಚಿಕ್ಕ ಇಲಿ? ಸುಮಾರು ಮೂವತ್ತು ಸಲ!

ಇಲಿಗೆ ಯಾಕೆ ಇಷ್ಟು ಅವಸರ? ಈ ಪ್ರಶ್ನೆಯ ಹಿಂದೆ ಒಂದು ಪುಟ್ಟ ಲೆಕ್ಕ ಇದೆ. ಆನೆಯ ಕಿವಿ ಅಷ್ಟು ಅಗಲ ಯಾಕೆ, ಡಾಕ್ಟರು ಮಗುವಿನ ತೂಕ ಕೇಳಿ ಔಷಧಿ ಬರೆಯುವುದು ಯಾಕೆ, ಚಳಿಯಲ್ಲಿ ಬೆಕ್ಕು ಚೆಂಡಿನ ಹಾಗೆ ಸುತ್ತಿಕೊಂಡು ಮಲಗುವುದು ಯಾಕೆ, ಎಲ್ಲದಕ್ಕೂ ಅದೇ ಲೆಕ್ಕ. ಗೊತ್ತಾದ ಮೇಲೆ ಯಾವ ಪ್ರಾಣಿಯನ್ನು ನೋಡಿದರೂ ಅದೇ ಕಣ್ಣಿಗೆ ಬೀಳುತ್ತದೆ. ನನಗಂತೂ ಹಾಗೇ ಆಗಿದೆ.

ಒಂದು ಮರದ ದಾಳ ತೆಗೆದುಕೊಳ್ಳೋಣ. ಅದರ ಪ್ರತಿ ಅಂಚೂ 1 ಸೆಂಟಿಮೀಟರ್. ಅದಕ್ಕೆ ಆರು ಮುಖ, ಒಂದೊಂದೂ 1 ಚದರ ಸೆಂ.ಮೀ. ಅಂದರೆ ಹೊರಮೈ ಒಟ್ಟು 6 ಚದರ ಸೆಂ.ಮೀ. ಒಳಗಿರುವ ಮರ 1 ಘನ ಸೆಂ.ಮೀ. ಈಗ ಅಂಚನ್ನು ಎರಡು ಪಟ್ಟು ಮಾಡಿ. ಒಂದೊಂದು ಮುಖವೂ ಎರಡೆರಡಲ ನಾಲ್ಕು ಚದರ ಸೆಂ.ಮೀ. ಆಗುತ್ತದೆ, ಹೊರಮೈ 24ಕ್ಕೆ ಏರುತ್ತದೆ. ಒಳಗಿನ ಮರವೋ 8 ಘನ ಸೆಂ.ಮೀ. ಉದ್ದ ಎರಡು ಪಟ್ಟಾದಾಗ ಹೊರಮೈ ನಾಲ್ಕು ಪಟ್ಟಾಯಿತು, ಒಳಗಿನ ತೂಕ ಎಂಟು ಪಟ್ಟಾಯಿತು. ಅಂಚನ್ನು ಹತ್ತು ಪಟ್ಟು ಮಾಡಿದರೆ ಹೊರಮೈ 600, ಒಳಗಿನ ಮರ 1000. ಚಿಕ್ಕ ದಾಳದಲ್ಲಿ ಒಂದು ಪಾಲು ಮರಕ್ಕೆ ಆರು ಪಾಲು ಹೊರಮೈ ಇತ್ತು. ದೊಡ್ಡದರಲ್ಲಿ ಒಂದು ಪಾಲಿಗೆ 0.6 ಪಾಲು ಮಾತ್ರ.

ಇಷ್ಟೇ ಲೆಕ್ಕ. ಚಿಕ್ಕದಕ್ಕೆ ಹೊರಮೈ ಜಾಸ್ತಿ, ದೊಡ್ಡದಕ್ಕೆ ಒಳಮೈ ಜಾಸ್ತಿ. ದಪ್ಪ ಕೊರಡಿಗೆ ಬೆಂಕಿ ಹತ್ತಿಸಲು ಒದ್ದಾಡಬೇಕು, ಅದನ್ನೇ ಸೀಳಿ ಚಕ್ಕೆ ಮಾಡಿದರೆ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಮರ ಅದೇ, ಬೆಂಕಿಗೆ ಸಿಗುವ ಹೊರಮೈ ಬೇರೆ. ಇನ್ನೊಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಎಂಟು ಚಿಕ್ಕ ದಾಳಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಒಟ್ಟು ಹೊರಮೈ 48. ಅವನ್ನೇ ಒತ್ತಾಗಿ ಜೋಡಿಸಿ ಒಂದು ದೊಡ್ಡ ದಾಳ ಮಾಡಿದರೆ 24. ಉಳಿದ ಅರ್ಧ ಒಳಗೆ ಅಡಗಿಹೋಯಿತು.

ಈಗ ನೆನೆದ ಇಲಿಗೆ ವಾಪಸ್ ಬರೋಣ. ನೀರು ಅಂಟುವುದು ಹೊರಮೈಗೆ. ಪುಟ್ಟ ಮೈಗೆ ಹೊರಮೈ ಜಾಸ್ತಿ ಇರುವುದರಿಂದ ತನ್ನ ತೂಕಕ್ಕೆ ಹೋಲಿಸಿದರೆ ಇಲಿ ಹೊರುವ ನೀರೂ ಜಾಸ್ತಿ. ಆ ನೀರು ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಸುಮಾರು 27 ಕೆ.ಜಿ. ತೂಗುವ ನಾಯಿಯ ತುಪ್ಪಳದಲ್ಲಿ ಅರ್ಧ ಕೆ.ಜಿ.ಯಷ್ಟು ನೀರಿದ್ದು, ಅದು ಸುಮ್ನೆ ನಿಂತು ಒಣಗಿದರೆ ದಿನದ ಆಹಾರದ ಐದನೇ ಒಂದು ಭಾಗದ ಶಕ್ತಿ ಅದಕ್ಕೇ ಖರ್ಚು ಎಂದು ಆ ಸಂಶೋಧಕರು ಲೆಕ್ಕ ಹಾಕಿದ್ದರು. ನಾಯಿಗೇ ಹೀಗಾದರೆ ಇಲಿಯ ಪಾಡು ಏನು? ಹಾಗಾಗಿ ಕೊಡವಲೇಬೇಕು. ಆದರೆ ಹನಿ ಕೂದಲಿಗೆ ಅಂಟಿಕೊಳ್ಳುವ ಬಿಗಿ ಇಲಿಗೂ ಕರಡಿಗೂ ಒಂದೇ. ತಿರುಗುವ ಮೈ ದಪ್ಪಗಿದ್ದರೆ ನಿಧಾನವಾಗಿ ತಿರುಗಿದರೂ ಹನಿ ಸಿಡಿದುಹೋಗುತ್ತದೆ. ಸಣ್ಣಗಿದ್ದರೆ ತುಂಬಾ ಬೇಗ ತಿರುಗಬೇಕು. ಮೂವತ್ತರ ಗುಟ್ಟು ಇದು.

ನೀರಿಲ್ಲದಿದ್ದರೂ ಚಿಕ್ಕ ಪ್ರಾಣಿಗೆ ಬಿಸಿಯ ಚಿಂತೆ ತಪ್ಪಿದ್ದಲ್ಲ. ಮೈಯಲ್ಲಿ ಬಿಸಿ ಹುಟ್ಟುವುದು ಒಳಗೆ, ಸೋರಿಹೋಗುವುದು ಹೊರಮೈಯಿಂದ. ತೂಕದಲ್ಲಿ ಜಗತ್ತಿನ ಅತಿ ಚಿಕ್ಕ ಸಸ್ತನಿ ಎಟ್ರಸ್ಕನ್ ಮೂಗಿಲಿ. ಉದ್ದ ಮೂತಿಯ ಈ ಪ್ರಾಣಿಯ ತೂಕ ಎರಡು ಗ್ರಾಂ ಕೂಡ ಇಲ್ಲ. ಅದು ದಿನಕ್ಕೆ ತನ್ನ ತೂಕದ ಎರಡು ಪಟ್ಟಿನವರೆಗೂ ತಿನ್ನುತ್ತದೆ. ಕೆಲವು ಗಂಟೆ ಊಟ ಸಿಗದಿದ್ದರೆ ಜೀವಕ್ಕೇ ಅಪಾಯ. ಅದರ ಹೃದಯ ನಿಮಿಷಕ್ಕೆ 1500 ಸಲದಷ್ಟು ಬಡಿದದ್ದನ್ನು ಅಳೆದಿದ್ದಾರೆ. ಸೆಕೆಂಡಿಗೆ 25 ಬಡಿತ, ಊಹಿಸಿಕೊಳ್ಳಿ. ಹಮ್ಮಿಂಗ್‌ಬರ್ಡ್ ಹಕ್ಕಿಗೂ ಇದೇ ಕಷ್ಟ. ಹಗಲೆಲ್ಲ ಮಕರಂದ ಕುಡಿದರೂ ರಾತ್ರಿ ಕಳೆಯುವುದು ಕಷ್ಟ. ಅದಕ್ಕೇ ಹಲವು ರಾತ್ರಿ ಅದು ಮೈಯ ಬಿಸಿಯನ್ನೇ ಇಳಿಸಿಬಿಡುತ್ತದೆ. ಹೃದಯ ನಿಧಾನವಾಗುತ್ತದೆ, ಹಕ್ಕಿ ಜಡವಾಗಿ ಕೂತಿರುತ್ತದೆ. ಬೆಳಗಾಗುವ ಹೊತ್ತಿಗೆ ನಡುಗಿ ನಡುಗಿ ಮತ್ತೆ ಬಿಸಿಯಾಗುತ್ತದೆ.

ಆನೆಗೆ ಇದರ ತಿರುವುಮುರುವು. ಒಳಗೆ ರಾಶಿ ಬಿಸಿ, ಹೊರಹೋಗಲು ಚರ್ಮ ಸಾಲದು. ಅದಕ್ಕೇ ಮೈಮೇಲೆ ಕೂದಲು ವಿರಳ. ಕಿವಿಗಳು ಅಗಲವಾಗಿ, ತೆಳ್ಳಗೆ, ರಕ್ತನಾಳಗಳಿಂದ ತುಂಬಿವೆ. ಅವನ್ನು ಬೀಸುತ್ತಿದ್ದರೆ ನಾಳಗಳಲ್ಲಿ ಹರಿಯುವ ರಕ್ತ ತಣ್ಣಗಾಗಿ ಒಳಗೆ ಹೋಗುತ್ತದೆ. ಹೊರಮೈ ಕಡಿಮೆ ಬಿದ್ದ ಕಡೆ ಪ್ರಕೃತಿ ಹೊರಮೈಯನ್ನು ತಂದು ಅಂಟಿಸಿದಂತಿದೆ, ಅಲ್ವಾ? ಮರುಭೂಮಿಯ ಫೆನೆಕ್ ನರಿಗೆ ತಲೆಗಿಂತ ದೊಡ್ಡ ಕಿವಿ, ಹಿಮದ ಸೀಮೆಯ ನರಿಗೆ ಪುಟಾಣಿ ಗುಂಡು ಕಿವಿ. ಕಾರಣ ಅದೇ.

ಹಾಗಾದರೆ ದೊಡ್ಡ ಪ್ರಾಣಿಗೆ ಎಷ್ಟು ಶಕ್ತಿ ಬೇಕು ಎಂದು ಮೊದಲೇ ಹೇಳಬಹುದೇ? ಜರ್ಮನಿಯ ಮ್ಯಾಕ್ಸ್ ರುಬ್ನರ್ 1883ರಲ್ಲಿ ಬೇರೆ ಬೇರೆ ಗಾತ್ರದ ನಾಯಿಗಳನ್ನು ಅಳೆದು, ಮೈಯ ಬಿಸಿ ಹೊರಮೈಯ ಲೆಕ್ಕದಲ್ಲೇ ಏರುತ್ತದೆ ಎಂದರು. ಹಾಗಿದ್ದರೆ ತೂಕ 16 ಪಟ್ಟಾದಾಗ ಬೇಕಾದ ಶಕ್ತಿ ಆರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗಬೇಕು. 1932ರಲ್ಲಿ ಮ್ಯಾಕ್ಸ್ ಕ್ಲೈಬರ್ ಚಿಕ್ಕ ಹಕ್ಕಿಯಿಂದ ಹಿಡಿದು ದನದವರೆಗಿನ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವರಿಗೆ ಸಿಕ್ಕಿದ್ದು ಎಂಟು ಪಟ್ಟು. ಬರೀ ಹೊರಮೈ ಹೇಳುವುದಕ್ಕಿಂತ ಜಾಸ್ತಿ, ತೂಕ ಹೇಳುವುದಕ್ಕಿಂತ ತುಂಬಾ ಕಡಿಮೆ. ಈ ವ್ಯತ್ಯಾಸ ಯಾಕೆ ಎನ್ನುವುದರ ಬಗ್ಗೆ ವಿಜ್ಞಾನಿಗಳ ವಾದ ಇವತ್ತಿಗೂ ನಡೆದಿದೆ. ರಕ್ತನಾಳಗಳು ಕವಲೊಡೆಯುವ ರೀತಿಯೇ ಕಾರಣ ಎಂದು 1997ರಲ್ಲಿ ವೆಸ್ಟ್, ಬ್ರೌನ್ ಮತ್ತು ಎನ್‌ಕ್ವಿಸ್ಟ್ ಎಂಬ ಮೂವರು ಮುಂದಿಟ್ಟ ವಿವರಣೆ ಹೆಸರುವಾಸಿ.

ಏನೇ ಇರಲಿ, ಪ್ರತಿ ಗ್ರಾಂ ಲೆಕ್ಕದಲ್ಲಿ ದೊಡ್ಡ ಪ್ರಾಣಿಯ ಮೈ ನಿಧಾನವಾಗಿ ಉರಿಯುತ್ತದೆ ಎನ್ನುವುದು ಖಚಿತ. ಉರಿಯಲೇಬೇಕು. ಹಸುವಿನ ಪ್ರತಿ ಗ್ರಾಂ ಮಾಂಸವೂ ಇಲಿಯಷ್ಟೇ ಜೋರಾಗಿ ಉರಿದರೆ, ಆ ಬಿಸಿಯನ್ನೆಲ್ಲ ಹೊರಹಾಕಲು ಅದರ ಚರ್ಮ ಕುದಿಯುವ ನೀರಿಗಿಂತ ಬಿಸಿಯಾಗಬೇಕಾಗುತ್ತದೆ ಎಂದು ಕ್ಲೈಬರ್ ತೋರಿಸಿದ್ದರು.

ಹೃದಯವೂ ಈ ತಾಳಕ್ಕೇ ಬಡಿಯುತ್ತದೆ. ಇಲಿಯ ಹೃದಯ ನಿಮಿಷಕ್ಕೆ ಸುಮಾರು 600 ಸಲ, ಆನೆಯದು ಸುಮಾರು 30 ಸಲ. ನೀಲಿ ತಿಮಿಂಗಿಲ ಆಳಕ್ಕೆ ಮುಳುಗಿದಾಗ ಅದರ ಹೃದಯ ನಿಮಿಷಕ್ಕೆ ಎರಡೇ ಸಲ ಬಡಿದದ್ದನ್ನೂ 2019ರಲ್ಲಿ ವರದಿ ಮಾಡಿದ್ದಾರೆ. ಈಗ ಒಂದು ಗುಣಾಕಾರ ಮಾಡೋಣ. ವರ್ಷಕ್ಕೆ 5,25,600 ನಿಮಿಷ. ಇಲಿ ಚೆನ್ನಾಗಿ ಬಾಳಿದರೆ ಮೂರು ವರ್ಷ. ಒಟ್ಟು ಬಡಿತ ಸುಮಾರು 95 ಕೋಟಿ. ಆನೆಗೆ 60 ವರ್ಷ ಹಿಡಿಯೋಣ. ಒಟ್ಟು ಬಡಿತ ಸುಮಾರು 95 ಕೋಟಿ! ದುಂಡು ಸಂಖ್ಯೆ ಹಿಡಿದದ್ದರಿಂದ ಇಷ್ಟು ಸರಿಯಾಗಿ ಹೊಂದಿಕೊಂಡಿತು. ನಿಜದಲ್ಲಿ ಹೆಚ್ಚುಕಮ್ಮಿ ಇರುತ್ತದೆ. ಆದರೂ ಸಸ್ತನಿಗಳನ್ನು ಸಾಲಾಗಿ ನಿಲ್ಲಿಸಿದರೆ ಬಹಳಷ್ಟು 100 ಕೋಟಿಯ ಆಸುಪಾಸಿನಲ್ಲೇ ಬರುತ್ತವೆ. ಮನುಷ್ಯ ಮಾತ್ರ ಈ ಸಾಲಿನಿಂದ ಹೊರಗೆ. ನಿಮಿಷಕ್ಕೆ 70 ಬಡಿತ, 70 ವರ್ಷ ಎಂದರೆ 257 ಕೋಟಿ ದಾಟುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹುಟ್ಟಬಹುದು. ಬಡಿತಗಳ ಕೋಟಾ ಇದೆ, ವ್ಯಾಯಾಮ ಮಾಡಿದರೆ ಅದು ಬೇಗ ಮುಗಿದುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಕೋಟಾ ಇಲ್ಲ. ಇದ್ದರೂ ಲೆಕ್ಕ ವ್ಯಾಯಾಮದ ಕಡೆಗೇ ಇದೆ. ದಿನಕ್ಕೆ ಒಂದು ಗಂಟೆ ಹೃದಯ 70ರ ಬದಲು 140 ಸಲ ಬಡಿಯಿತು ಎಂದುಕೊಳ್ಳಿ. 4,200 ಬಡಿತ ಜಾಸ್ತಿ ಆಯಿತು. ಆದರೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಹೃದಯ ಬಲವಾಗಿ, ವಿಶ್ರಾಂತಿಯಲ್ಲಿ ನಿಧಾನವಾಗಿ ಬಡಿಯುತ್ತದೆ. 70 ಇದ್ದದ್ದು 60ಕ್ಕೆ ಇಳಿದರೆ ಉಳಿದ 23 ಗಂಟೆಗಳಲ್ಲಿ 13,800 ಬಡಿತ ಉಳಿತಾಯ.

ಗಾತ್ರದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಮನಸ್ಸಿಗೆ ನೋವಾಗುವ ಒಂದು ಘಟನೆ ಇದೆ. 1962ರ ಆಗಸ್ಟ್‌ನಲ್ಲಿ ಅಮೆರಿಕದ ಒಕ್ಲಹೋಮ ಸಿಟಿ ಮೃಗಾಲಯದ ಟಸ್ಕೋ ಎಂಬ ಆನೆಗೆ ಪ್ರಯೋಗಕ್ಕೆಂದು ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ಚುಚ್ಚಿದರು. ಎಷ್ಟು ಕೊಡಬೇಕು? ಬೆಕ್ಕುಗಳು ತಡೆದುಕೊಂಡ ಪ್ರಮಾಣವನ್ನು ಆನೆಯ ತೂಕಕ್ಕೆ ನೇರವಾಗಿ ಗುಣಿಸಿದರು. ಬಂದದ್ದು 297 ಮಿಲಿಗ್ರಾಂ. ಐದೇ ನಿಮಿಷದಲ್ಲಿ ಟಸ್ಕೋ ಕುಸಿದು ಬಿತ್ತು, ಎರಡು ಗಂಟೆಯೊಳಗೆ ಸತ್ತುಹೋಯಿತು. ಉಳಿಸಲು ಕೊಟ್ಟ ಬೇರೆ ಔಷಧಿಗಳೂ ಸಾವಿಗೆ ಕಾರಣವಾಗಿರಬಹುದು ಎನ್ನುವವರಿದ್ದಾರೆ. ಆದರೆ ಮೊದಲ ತಪ್ಪು ಗುಣಾಕಾರದಲ್ಲೇ ಇತ್ತು. ಮೂರು ಕೆ.ಜಿ. ಬೆಕ್ಕಿಗಿಂತ ಮೂರು ಟನ್ ಆನೆಯ ತೂಕ 1000 ಪಟ್ಟು. ಕ್ಲೈಬರ್ ಲೆಕ್ಕದಲ್ಲಿ ಆ ಮೈಯ ಉರಿ ಸುಮಾರು 178 ಪಟ್ಟು ಮಾತ್ರ. ಔಷಧಿಯನ್ನು ಅರಗಿಸಿ ಹೊರಹಾಕುವ ವೇಗ ತೂಕಕ್ಕಿಂತ ಈ ಉರಿಗೇ ಹತ್ತಿರ.

ನಮ್ಮ ಮಕ್ಕಳ ವಿಷಯಕ್ಕೂ ಇದು ಸಲ್ಲುತ್ತದೆ. ಒಂದರಿಂದ ಆರು ವರ್ಷದ ಮಗು ಹಲವು ಔಷಧಿಗಳನ್ನು ಪ್ರತಿ ಕೆ.ಜಿ. ಲೆಕ್ಕದಲ್ಲಿ ದೊಡ್ಡವರಿಗಿಂತ ಬೇಗ ಹೊರಹಾಕುತ್ತದೆ. ಆಗಷ್ಟೇ ಹುಟ್ಟಿದ ಮಗುವಿನಲ್ಲಿ ಇದು ಉಲ್ಟಾ. ಅದರ ಲಿವರ್ ಮತ್ತು ಕಿಡ್ನಿ ಇನ್ನೂ ಬಲಿತಿರುವುದಿಲ್ಲ, ಔಷಧಿ ಮೈಯಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ದೊಡ್ಡವರ ಮಾತ್ರೆಯನ್ನು ಅರ್ಧ ಮಾಡಿ, ಕಾಲು ಮಾಡಿ ಮಗುವಿಗೆ ಕೊಡುವುದು ದಯವಿಟ್ಟು ಬೇಡ. ಡಾಕ್ಟರು ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿ ನೋಡುವುದರಲ್ಲಿ ಅರ್ಥ ಇದೆ. ಕ್ಯಾನ್ಸರ್‌ನ ಕೀಮೊ ಔಷಧಿಗಳಲ್ಲಿ ಹಲವನ್ನು ಇವತ್ತಿಗೂ ಮೈಯ ಹೊರಮೈ ಎಷ್ಟು ಚದರ ಮೀಟರ್ ಎಂದು ನೋಡಿಯೇ ನಿರ್ಧರಿಸುತ್ತಾರೆ. ಎತ್ತರ ಮತ್ತು ತೂಕದಿಂದ ಆ ಚದರ ಮೀಟರ್ ಕಂಡುಹಿಡಿಯುವ ಪ್ರಸಿದ್ಧ ಸೂತ್ರ 1916ರದ್ದು. ಡುಬಾಯ್ಸ್ ಎಂಬ ಇಬ್ಬರು ಅದನ್ನು ರೂಪಿಸಿದ್ದು ಬರೀ ಒಂಬತ್ತು ಜನರ ಮೈ ಅಳೆದು.

ಇನ್ನು ಬಲದ ವಿಷಯ. ಇರುವೆ ತನ್ನ ತೂಕದ ಹತ್ತಾರು ಪಟ್ಟು ಹೊರುತ್ತದೆ, ನಾವು ಇರುವೆಯಂತಿದ್ದರೆ ಲಾರಿ ಎತ್ತುತ್ತಿದ್ದೆವು ಎಂದು ಹೇಳುವುದುಂಟು. ಇದು ಸರಿಯಲ್ಲ. ಸ್ನಾಯುವಿನ ಬಲ ಅದರ ದಪ್ಪದ ಮೇಲೆ, ಅಂದರೆ ಅಡ್ಡ ಕತ್ತರಿಸಿದಾಗ ಕಾಣುವ ಮುಖದ ಮೇಲೆ ನಿಂತಿದೆ. ಅದು ಚದರದ ಲೆಕ್ಕ. ಹೊರಬೇಕಾದ ಮೈಯೋ ಘನದ ಲೆಕ್ಕ. ಇರುವೆಯನ್ನು ನೂರು ಪಟ್ಟು ಉದ್ದ ಮಾಡಿದರೆ ಬಲ 10,000 ಪಟ್ಟು, ತೂಕ 10 ಲಕ್ಷ ಪಟ್ಟು. ಪಾಪ, ತನ್ನ ಕಾಲ ಮೇಲೆ ತಾನೇ ನಿಲ್ಲಲಾರದು. ಮೂಳೆಗಳ ಬಗ್ಗೆ ಇದೇ ಮಾತನ್ನು ಗೆಲಿಲಿಯೊ 1638ರಲ್ಲೇ ಚಿತ್ರ ಬರೆದು ತೋರಿಸಿದ್ದ. ಆನೆಯ ಕಾಲು ಜಿಂಕೆಯ ಕಾಲಿನ ದೊಡ್ಡ ಪ್ರತಿ ಆಗಿರದೆ ಕಂಬದಂತಿರುವುದು ಇದಕ್ಕೇ. ಎತ್ತರದಿಂದ ಬಿದ್ದ ಇರುವೆ ಏನೂ ಆಗದವರಂತೆ ನಡೆದುಹೋಗುವುದೂ ಇದಕ್ಕೇ. ಕೆಳಗೆ ಎಳೆಯುವ ತೂಕ ಚಿಕ್ಕದು, ಗಾಳಿ ತಡೆಯುವ ಮೈ ದೊಡ್ಡದು.

ಮೂತ್ರದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಅದು ನನಗೆ ತುಂಬಾ ಇಷ್ಟ. ಬೆಕ್ಕಿನ ಮೂತ್ರಚೀಲದಲ್ಲಿ 5 ಮಿಲಿಲೀಟರ್, ಆನೆಯದರಲ್ಲಿ 18 ಲೀಟರ್. 3600 ಪಟ್ಟು ವ್ಯತ್ಯಾಸ. ಆದರೂ ಮೂರು ಕೆ.ಜಿ.ಗಿಂತ ಜಾಸ್ತಿ ತೂಗುವ ಸಸ್ತನಿಗಳು ಮೂತ್ರ ಮಾಡಿ ಮುಗಿಸಲು ತೆಗೆದುಕೊಳ್ಳುವ ಸಮಯ ಸರಾಸರಿ 21 ಸೆಕೆಂಡ್. ಮೈ ಕೊಡವುವುದನ್ನು ಎಣಿಸಿದ ಅದೇ ಜಾರ್ಜಿಯಾ ಟೆಕ್ ಗುಂಪು ಇದನ್ನೂ 2014ರಲ್ಲಿ ಪ್ರಕಟಿಸಿತು. ಚೀಲ ಘನದ ಲೆಕ್ಕದಲ್ಲಿ ಬೆಳೆಯುತ್ತದೆ, ನಾಳದ ಬಾಯಿ ಚದರದ ಲೆಕ್ಕದಲ್ಲಿ. ಹಾಗಾದರೆ ಆನೆಗೆ ತುಂಬಾ ಹೊತ್ತು ಹಿಡಿಯಬೇಕಿತ್ತು. ಆ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು ನಾಳದ ಉದ್ದ. ಆನೆಯಲ್ಲಿ ಅದು ಸುಮಾರು ಒಂದು ಮೀಟರ್. ಎತ್ತರದ ಟ್ಯಾಂಕಿನಿಂದ ಇಳಿಯುವ ನೀರಿನ ಹಾಗೆ, ಉದ್ದ ನಾಳದಲ್ಲಿ ಮೂತ್ರ ಜೋರಾಗಿ ಧುಮುಕುತ್ತದೆ.

ದೊಡ್ಡ ಮೈ ಉಸಿರಾಡುವುದು ಹೇಗೆ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಆಮ್ಲಜನಕ ಒಳಗೆ ಬರಬೇಕಾದ್ದು ಒಂದು ಮೇಲ್ಮೈಯ ಮೂಲಕ, ಅದನ್ನು ಕೇಳುವುದು ಒಳಗಿನ ಕೋಟಿಗಟ್ಟಲೆ ಕೋಶಗಳು. ನಮ್ಮ ಚರ್ಮ ಎರಡು ಚದರ ಮೀಟರ್ ಕೂಡ ಇಲ್ಲ. ಹಾಗಾಗಿ ಮೇಲ್ಮೈಯನ್ನು ಒಳಗೇ ಮಡಚಿ ಇಟ್ಟುಕೊಂಡಿದ್ದೇವೆ. ಶ್ವಾಸಕೋಶದಲ್ಲಿ 30 ಕೋಟಿಗೂ ಜಾಸ್ತಿ ಪುಟ್ಟ ಗಾಳಿಗೂಡುಗಳಿವೆ. ಅವುಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್. ಕರುಳಿನ ಒಳಗೂ ಹೀಗೇ ಮಡಿಕೆ, ಮಡಿಕೆಯ ಮೇಲೆ ಕೂದಲೆಳೆಯಂಥ ಚಾಚುಗಳು, ಸುಮಾರು 30 ಚದರ ಮೀಟರ್.

ಎಂಟು ದಾಳಗಳನ್ನು ನೆನಪಿಸಿಕೊಳ್ಳಿ. ಬಿಡಿಯಾಗಿದ್ದಾಗ 48, ಒಂದಾದಾಗ 24. ವರ್ಷಗಟ್ಟಲೆ ಸಿಗರೇಟು ಸೇದಿದವರಲ್ಲಿ ಎಂಫಿಸೀಮಾ ಎಂಬ ಕಾಯಿಲೆ ಬಂದಾಗ ಶ್ವಾಸಕೋಶದಲ್ಲಿ ಆಗುವುದು ಇದೇ. ಪುಟ್ಟ ಗೂಡುಗಳ ನಡುವಿನ ಗೋಡೆ ಒಡೆದು ಹಲವು ಗೂಡುಗಳು ಸೇರಿ ಒಂದು ದೊಡ್ಡ ಗೂಡಾಗುತ್ತದೆ. ಒಳಗೆ ಗಾಳಿಗೆ ಜಾಗ ಇದೆ. ಎದೆ ಉಬ್ಬಿಕೊಂಡೇ ಇರುತ್ತದೆ. ಆದರೆ ಆಮ್ಲಜನಕ ದಾಟಬೇಕಾದ ಮೇಲ್ಮೈ ಹೊರಟುಹೋಗಿರುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಒಡೆದ ಗೋಡೆಗಳು ಮತ್ತೆ ಬೆಳೆಯುವುದಿಲ್ಲ. ಸೇದುವುದನ್ನು ನಿಲ್ಲಿಸಿದರೆ ಉಳಿದ ಗೋಡೆಗಳು ಒಡೆಯುವ ವೇಗ ತಗ್ಗುತ್ತದೆ, ಅದು ಸಣ್ಣ ಲಾಭವಲ್ಲ.

ಅದೇ ದಾಳಗಳ ಲೆಕ್ಕವನ್ನು ಪ್ರಾಣಿಗಳು ತಮ್ಮ ಒಳ್ಳೆಯದಕ್ಕೂ ಬಳಸುತ್ತವೆ. ಚಳಿಯಲ್ಲಿ ಬೆಕ್ಕು ಮೂತಿಯನ್ನು ಬಾಲದೊಳಗೆ ಸಿಕ್ಕಿಸಿ ಉಂಡೆಯಾಗುತ್ತದೆ, ಸೆಖೆಯಲ್ಲಿ ಕಾಲು ಚಾಚಿ ಬಿದ್ದುಕೊಳ್ಳುತ್ತದೆ. ಒಂದೇ ತೂಕದ ಆಕಾರಗಳಲ್ಲಿ ಗುಂಡಿಗೆ ಹೊರಮೈ ಎಲ್ಲಕ್ಕಿಂತ ಕಡಿಮೆ. ಜೇನ್ನೊಣಗಳು ಚಳಿಗಾಲದಲ್ಲಿ ಗೂಡಿನೊಳಗೆ ಒಂದರ ಮೇಲೊಂದು ಮುತ್ತಿ ಚೆಂಡಾಗುತ್ತವೆ. ಹಾರುವ ಸ್ನಾಯುಗಳನ್ನು ರೆಕ್ಕೆ ಅಲುಗಾಡದ ಹಾಗೆ ಅದುರಿಸಿ ಬಿಸಿ ಹುಟ್ಟಿಸುತ್ತವೆ. ಅಂಟಾರ್ಕ್ಟಿಕಾದಲ್ಲಿ ಮೊಟ್ಟೆಯನ್ನು ಪಾದದ ಮೇಲೆ ಇಟ್ಟುಕೊಂಡ ಗಂಡು ಎಂಪರರ್ ಪೆಂಗ್ವಿನ್‌ಗಳು ಸಾವಿರಗಟ್ಟಲೆ ಸೇರಿ ಒತ್ತಾಗಿ ನಿಲ್ಲುತ್ತವೆ. ಗುಂಪು ನಿಧಾನವಾಗಿ ಸರಿಯುತ್ತಲೇ ಇರುತ್ತದೆ. ಅಂಚಿನಲ್ಲಿದ್ದವು ಒಳಗೆ, ಒಳಗಿದ್ದವು ಅಂಚಿಗೆ.

ನಮ್ಮಲ್ಲಿ ಈ ಲೆಕ್ಕ ಅತಿ ಜಾಸ್ತಿ ಕಾಡುವುದು ಆಗಷ್ಟೇ ಹುಟ್ಟಿದ ಮಗುವನ್ನು. ಮೂರೂವರೆ ಕೆ.ಜಿ. ಮಗುವಿನ ಹೊರಮೈ ಸುಮಾರು 0.22 ಚದರ ಮೀಟರ್. ಪ್ರತಿ ಕೆ.ಜಿ. ಲೆಕ್ಕದಲ್ಲಿ ಇದು ದೊಡ್ಡವರ ಎರಡು ಪಟ್ಟಿಗಿಂತ ಜಾಸ್ತಿ. ಮಗುವಿಗೆ ನಮ್ಮ ಹಾಗೆ ನಡುಗಿ ಬಿಸಿಯಾಗಲು ಬರುವುದಿಲ್ಲ. ಬೆನ್ನು, ಕತ್ತಿನ ಸುತ್ತ ಇರುವ ಕಂದು ಕೊಬ್ಬನ್ನು ಉರಿಸಿಯೇ ಬಿಸಿ ಮಾಡಿಕೊಳ್ಳಬೇಕು. ಹೊರಮೈಯ ಐದನೇ ಒಂದು ಭಾಗದಷ್ಟು ತಲೆಯೇ ಇರುವುದರಿಂದ ಟೋಪಿ ಮುಖ್ಯ. ಹುಟ್ಟಿದ ಮಗುವಿಗೆ ಮೊದಲ 24 ಗಂಟೆ ಸ್ನಾನ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಒಂದು ಕಾರಣ ಇದೇ. ಒದ್ದೆ ಮೈ ಏನು ಮಾಡುತ್ತದೆ ಎಂದು ಇಲಿಯಲ್ಲಿ ನೋಡಿದೆವಲ್ಲ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಆ ಕೊಬ್ಬೂ ಸಾಕಷ್ಟು ಇರುವುದಿಲ್ಲ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇಂಥ ಮಕ್ಕಳಿಗೆ ಸಾಕಷ್ಟು ಇನ್‌ಕ್ಯುಬೇಟರ್ ಇರಲಿಲ್ಲ. ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು ಮಗುವನ್ನು ತಾಯಿಯ ಬರಿ ಎದೆಗೆ ನೆಟ್ಟಗೆ ಅಂಟಿಸಿ, ಮೇಲೆ ಬಟ್ಟೆ ಸುತ್ತುವ ಪದ್ಧತಿ ಶುರುಮಾಡಿದರು. ಕಾಂಗರೂ ಚೀಲದಲ್ಲಿ ಮರಿ ಇರುವ ಹಾಗೆ ಕಾಣುವುದರಿಂದ ಅದಕ್ಕೆ ಕಾಂಗರೂ ಆರೈಕೆ ಎಂದು ಹೆಸರಾಯಿತು. ಕಡಿಮೆ ತೂಕದ ಮಕ್ಕಳ ಸಾವು ಇದರಿಂದ ತಗ್ಗುತ್ತದೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ. ಹುಟ್ಟಿದ ಕೂಡಲೇ ಶುರುಮಾಡಿ, ದಿನಕ್ಕೆ 8ರಿಂದ 24 ಗಂಟೆ, ಆದಷ್ಟು ಜಾಸ್ತಿ ಹೊತ್ತು ಇಟ್ಟುಕೊಳ್ಳಿ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿತು. ಅಪ್ಪನ ಎದೆಯೂ ಆಗುತ್ತದೆ. ಮಗುವಿನ ಹೊಟ್ಟೆ, ಎದೆ, ಕೆನ್ನೆ ಆ ದೊಡ್ಡ ಮೈಗೆ ಅಂಟಿಕೊಂಡಷ್ಟು ಹೊತ್ತು, ಅಷ್ಟು ಭಾಗ ಹೊರಗಿನ ಗಾಳಿಗೆ ಸಿಗುವುದೇ ಇಲ್ಲ.